ಹಸಿ ಭತ್ತದಾಗ ಹೂತ ಫೋನು

ತೊಯ್ದ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟರೆ ಬದುಕುತ್ತದೆ ಎಂದು ಹುಲಿಗೇಶ ಎಲ್ಲೋ ಕೇಳಿದ್ದ. ಹಿಡಿ ಅಕ್ಕಿಗೇ ಅಷ್ಟು ಶಕ್ತಿಯಿದ್ದರೆ ಭತ್ತದ ಗುಡ್ಡಕ್ಕೆ ಎಷ್ಟಿರಬೇಡ! ಸಿಂಧನೂರಿನ ರೈಸ್ ಮಿಲ್ಲಿನ ನೌಕರನಿಗೆ ಅಂಥ ಗುಡ್ಡಕ್ಕೇನು ಬರ?

ಫೋನು ಎರಡು ತಿಂಗಳ ಪಗಾರ ನುಂಗಿ ಬಂದದ್ದು. ಸ್ನಾನದ ಹೊತ್ತಿಗೆ ಯಾರಾದರೂ ಫೋನ್ ಹಚ್ಚಿಬಿಟ್ಟರೆ ಎಂದು ಅದನ್ನು ಬಚ್ಚಲ ಗೋಡೆಯ ಮೇಲಿಡುತ್ತಿದ್ದ. ಈ ಒಂಟಿ ರೂಮಿಗೆ ಬಂದು ಎಂಟು ತಿಂಗಳಾಗಿತ್ತು. ಸ್ನಾನದ ಹೊತ್ತಿಗೆ ಒಬ್ಬರೂ ಹಚ್ಚಿರಲಿಲ್ಲ. ಮಿಕ್ಕ ಹೊತ್ತಿನ ಕತೆಯೂ ಹೆಚ್ಚುಕಮ್ಮಿ ಅದೇ. ಸೋಮವಾರ ಫೋನಿಗೇ ಬೇಸರವಾಗಿ ಬಕೇಟಿಗೆ ಹಾರಿಕೊಂಡಿತು.

ಮಿಲ್ಲಿಗೆ ಓಡಿದವನೇ, ಜವಳಗೇರಾದ ಟ್ರ್ಯಾಕ್ಟರು ಆಗಷ್ಟೇ ಅಂಗಳದಲ್ಲಿ ಸುರಿದ ಭತ್ತದಲ್ಲಿ ಮೊಳಕೈ ಆಳಕ್ಕೆ ಹೂತು, ಗುರುತಿಗೊಂದು ಕಡ್ಡಿ ನೆಟ್ಟ. ನಾಲ್ಕು ದಿನ ಬಿಟ್ಟು ತೆಗೆದರೆ ಗಾಜಿನೊಳಗೆ ಮತ್ತಷ್ಟು ಬೆವರು. ಹಮಾಲ ಗದ್ದೆಪ್ಪ ಹಿಡಿ ಭತ್ತ ಹಿಚುಕಿ ನೋಡಿದ.

"ಇದು ಹಸಿ ಭತ್ತ ತಮ್ಮಾ. ದಿನಾ ರೈತರ ಜೋಡಿ ‘ಹಸಿ ಐತ್ರೀ, ಹಸಿ ಐತ್ರೀ’ ಅಂತ ಜಗಳ ತಗಿಯಾಂವ ನೀನ ಅಲ್ಲೇನು?"

ಹೌದು, ಅವನೇ. ಭತ್ತದ ತೇವ ಅಳೆಯುವುದೇ ಅವನ ನೌಕರಿ.

ರಿಪೇರಿ ಅಂಗಡಿಯ ಶಾವಲಿ ಫೋನು ಬಿಚ್ಚಿ, ಮಣ್ಣು ಕೊಡಲು ಬಂದವನ ಮುಖ ಮಾಡಿದ. ರಿಪೇರಿಗಿಂತ ಹೊಸದೇ ವಾಸಿ ಎಂದು ಹೇಳಿ, ಅಲ್ಲಿತನಕ ಇರಲೆಂದು ಬಟನ್ನಿನ ಹಳೇ ಡಬ್ಬಿ ಫೋನೊಂದನ್ನು ಕೊಟ್ಟ. ಅಲ್ಲಿಯೇ ನಿಂತು ಹುಲಿಗೇಶ ಘೋರ ಪ್ರತಿಜ್ಞೆ ಮಾಡಿದ: ಈ ನಾಲ್ಕು ದಿನದಲ್ಲಿ ಒಬ್ಬರಾದರೂ ತನ್ನನ್ನು ಹುಡುಕಿದ್ದರೆ ಹೊಸ ಫೋನು, ಇಲ್ಲದಿದ್ದರೆ ಜನ್ಮಪೂರ್ತಿ ಈ ಡಬ್ಬಿಯೇ.

ಸಿಮ್ ಹಾಕಿದ. ಡಬ್ಬಿ ಒಮ್ಮೆ ಕುಂಯ್ ಎಂದಿತು. ರಿಚಾರ್ಜ್ ಮುಗಿಯಲು ಬಂದಿದೆಯಂತೆ. ಕಾಳಜಿ ಮಾಡಿದ್ದು ಕಂಪನಿಯೊಂದೇ.

ಉಳಿದದ್ದು ಲಿಂಗಸುಗೂರಿನ ಅಕ್ಕ ಸುರೇಖಾ. ಅವನಿಗೆ ಬಾಯಿಪಾಠ ಇದ್ದ ನಂಬರು ಅದೊಂದೇ. ಅಕ್ಕ ಹಚ್ಚಿಯೇ ಇರುತ್ತಾಳೆ, ಈ ಹಾಳು ಡಬ್ಬಿಗೆ ತೋರಿಸಲು ಬಂದಿಲ್ಲ, ಅಷ್ಟೇ. ಹಾಗೆಂದುಕೊಂಡೇ ಗುಂಡಿ ಒತ್ತಿದ. ಅಕ್ಕ ಒಂದೇ ರಿಂಗಿಗೆ ಎತ್ತಿದಳು.

"ಅಕ್ಕಾ, ನಾಕು ದಿನ ನನ್ನ ಫೋನ್ ಬಂದ್ ಇತ್ತು. ನಿನಗ ಒಂದೀಟರ ಗಾಬರಿ ಆಗಲಿಲ್ಲೇನು?"

"ಇಲ್ಲಪ. ನೀ ಫೋನ್ ಹಚ್ಚೋದು ಜ್ವರ ಬಂದಾಗಷ್ಟ. ಹಚ್ಚಲಿಲ್ಲಂದ್ರ ಆರಾಮ ಅದಾನ ಅಂತ ನಾವೂ ಆರಾಮ ಇರ್ತೀವಿ. ಈಗ ಎಷ್ಟೈತಿ ಜ್ವರ?"