ಐದನೆಯ ಅಂಕ

ನನಗೆ ಈಗ ಎಪ್ಪತ್ತಮೂರು. ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಒಂದೇ ದುರಂತ ನಾಟಕವನ್ನು ಪಾಠ ಮಾಡಿ ನಿವೃತ್ತಳಾದವಳು. ಹೋದ ವರ್ಷದವರೆಗೆ ಆ ನಾಟಕವನ್ನು ರಂಗದ ಮೇಲೆ ಮೂರು ಸಲ ನೋಡಿದ್ದೆ. ಅದರ ಐದನೆಯ ಅಂಕವನ್ನು ಒಮ್ಮೆಯೂ ನೋಡಿಲ್ಲ. ಸಾಯುವ ಮೊದಲು ನೋಡಬೇಕೆಂಬುದು ಆಸೆ. (ನಾನು ಸಾಯುವ ಮೊದಲು. ರಾಣಿ ಆ ಅಂಕದಲ್ಲಿ ಹೇಗೂ ಸಾಯುತ್ತಾಳೆ.)

ನೋಡದಿರಲು ಕಾರಣ ಸರಳ. ನಮ್ಮ ಕಡೆಯ ಕನ್ನಡ ಸಂಘಗಳಿಗೆ ನಾಟಕಮಂದಿರ ಸಿಗುವುದು ಮೂರು ಗಂಟೆ. ಆಮೇಲೆ ಅಲ್ಲಿ ಮರಾಠಿ ನಾಟಕ; ಒಂದು ನಿಮಿಷವೂ ಹೆಚ್ಚು ಕೊಡುವುದಿಲ್ಲ. ಆ ಮೂರು ಗಂಟೆಯಲ್ಲಿ ಮೊದಲು ದೀಪ, ಪ್ರಾರ್ಥನೆ, ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನಿತರ ಎರಡು ಮಾತು, ಅಧ್ಯಕ್ಷರ ನಾಲ್ಕು ಮಾತು. ಮಿಕ್ಕ ಸಮಯ ನಾಟಕಕ್ಕೆ. ಠಾಣೆ ಊರಿನಲ್ಲಿ ಅವಸರಕ್ಕೆ ಬಿದ್ದು, ರಾಜ ಅನುಮಾನಪಡುವ ಮೊದಲೇ ನಾಲ್ಕನೆಯ ಅಂಕದಲ್ಲಿ ರಾಣಿ ವಿಷ ಕುಡಿದಳು. ಕಲ್ಯಾಣದಲ್ಲಿ ನೇರವಾಗಿ ವಂದನಾರ್ಪಣೆ. ಸಾನಪಾಡಾದಲ್ಲಿ ಪರದೆ ಎಳೆದು ಮೈಕಿನಲ್ಲಿ ಹೇಳಿದರು: "ನಂತರ ರಾಣಿ ವಿಷ ಕುಡಿಯುತ್ತಾಳೆ, ರಾಜ ಪಶ್ಚಾತ್ತಾಪ ಪಡುತ್ತಾನೆ. ಊಟದ ವ್ಯವಸ್ಥೆ ಬಲಗಡೆ ಇದೆ."

"ನಿಂಗೆ ಹೇಗೂ ಬಾಯಿಪಾಠ. ಮನೇಲೇ ಓದ್ಕೋಬಾರ್ದಾ?" ಎಂದರು ನಮ್ಮ ಯಜಮಾನರು, ಸೂರ್ಯನಾರಾಯಣ.

"ಬಿಸಿಬೇಳೆಬಾತ್ ಮಾಡೋ ವಿಧಾನ ಪುಸ್ತಕದಲ್ಲಿದೆ. ಇವತ್ತು ನೀವೂ ಅದನ್ನೇ ಓದ್ಕೊಳ್ಳಿ. ನಾನು ಮಾಡೋಲ್ಲ."



ಈ ವರ್ಷ ಡೊಂಬಿವ್ಲಿಯ ಸಂಘ ಅದೇ ನಾಟಕ ಆಡುತ್ತದೆಂದು ತಿಳಿದಾಗ ಕಾರ್ಯದರ್ಶಿ ಚೆನ್ನಯನವರಿಗೆ ಖಾರವಾದ ಪತ್ರ ಬರೆದೆ. ಅವರು ಹೋಟೆಲಿನವರು, ಸಜ್ಜನರು. ಠಾಕುರ್ಲಿಯ ನಮ್ಮ ಮನೆಗೇ ಬಂದರು.

"ಎಂತ ಮಾಡುವುದು ಮೇಡಂ? ಒಬ್ಬರಿಗೆ ಶಾಲು ಹೊದಿಸಿದರೆ ಅವರ ಮನೆಯವರು ಹದಿನೈದು ಮಂದಿ ಬರ್ತಾರೆ. ನಮ್ಮ ಹಾಲ್ ತುಂಬುವುದೇ ಹಾಗೆ ಮಾರಾಯ್ರೆ."

"ತುಂಬಿದ ಹಾಲಿಗೆ ಅರ್ಧ ನಾಟಕ ತೋರಿಸುವುದಕ್ಕಿಂತ ಅರ್ಧ ಹಾಲಿಗೆ ಪೂರ್ತಿ ತೋರಿಸಿ."

"ಸಮಿತಿಯವರೂ ಒಪ್ಪಿದ್ದಾರೆ. ಈ ಸಲ ಸನ್ಮಾನ ಇಲ್ಲ, ಭಾಷಣ ಇಲ್ಲ. ಆದರೆ ಯಾಕೆ ಇಲ್ಲ ಅಂತ ಜನಕ್ಕೆ ಹೇಳಬೇಕಲ್ಲ? ನೀವೇ ಬಂದು ಎರಡು ಮಾತು ಹೇಳಿ."

ಅವರು ಮೆಟ್ಟಿಲಿಳಿದ ಮೇಲೆ ಯಜಮಾನರು ಕೇಳಿದರು: "ನೀನು? ಎರಡು ಮಾತಾ?"

ಉತ್ತರವಾಗಿ ಅರ್ಧ ಪುಟದ ಭಾಷಣ ಬರೆದು ಅವರ ಮುಂದೆ ಹಿಡಿದೆ. ಗಡಿಯಾರ ಇಟ್ಟುಕೊಂಡು ಓದಿದೆ. ಮೂರು ನಿಮಿಷ.

ಭಾನುವಾರ ಸರಿಯಾಗಿ ನಾಲ್ಕೂವರೆಗೆ ಗಂಟೆ ಬಾರಿಸಿದರು. ದೀಪವಿಲ್ಲ, ಹಾರವಿಲ್ಲ. ನಾನು ಮೈಕಿನ ಮುಂದೆ ನಿಂತು ಅರ್ಧ ಪುಟ ಓದಿದೆ. ಭಾಷಣಗಳು ನಾಟಕವನ್ನು ನುಂಗುತ್ತಿವೆ ಎಂದಾಗ ಇಡೀ ಸಭೆ ಚಪ್ಪಾಳೆ ತಟ್ಟಿತು. ಇಲ್ಲಿ ಒಂದು ವಿಷಯ ಒಪ್ಪಿಕೊಳ್ಳಬೇಕು. ಮೂವತ್ತೊಂದು ವರ್ಷ ನಾನು ಆಕಳಿಸುವ ಮುಖಗಳಿಗೆ ಪಾಠ ಹೇಳಿದವಳು. ಹಾಜರಿಯ ಹೆದರಿಕೆಯಿಲ್ಲದೆ ನಾನೂರು ಜನ ನನ್ನ ಮಾತು ಕೇಳಿದ್ದು ಅದೇ ಮೊದಲು. ಭಾಷಣಪ್ರಿಯತೆ ಎಂಬ ಸಾಮಾಜಿಕ ವ್ಯಾಧಿಯ ಮೂಲವನ್ನು ಒಂದಿಷ್ಟು ವಿವರಿಸಿದೆ. ಮೂಲ ಹೇಳಿದ ಮೇಲೆ ಇತಿಹಾಸ ಬಿಡುವುದು ಅಶಾಸ್ತ್ರೀಯ. ನಡುವೆ ಚೆನ್ನಯನವರು ಒಂದು ಚೀಟಿ ಕಳಿಸಿದರು: "ಇನ್ನು ಎರಡು ನಿಮಿಷ." ಹೆಚ್ಚಿನ ಸಮಯ ಕೊಟ್ಟ ಅವರ ಔದಾರ್ಯವನ್ನು ವೇದಿಕೆಯಿಂದಲೇ ಕೊಂಡಾಡಿದೆ. (ಅದಕ್ಕೆ ಐದು ನಿಮಿಷ ಹಿಡಿದಿರಬಹುದು.)

ನಾಟಕ ಚೆನ್ನಾಗಿತ್ತು. ರಾಣಿಯ ಪಾತ್ರದ ರಮಿತಾ ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ. ಅವಳ ದನಿಗೆ ನನ್ನ ಮೈ ಜುಂ ಎಂದಿತು. ನಾಲ್ಕನೆಯ ಅಂಕ ಮುಗಿಯಿತು. ನಾನು ಕುರ್ಚಿಯ ತುದಿಗೆ ಸರಿದು ಕೂತೆ. ಪರದೆ ಏಳಲಿಲ್ಲ. ಅದರ ಸಂದಿಯಿಂದ ಚೆನ್ನಯನವರು ಹೊರಬಂದರು, ಕೈಯಲ್ಲಿ ಮೈಕು.

"ಸಮಯದ ಅಭಾವದಿಂದ..." ಎಂದರು. ಉಳಿದದ್ದು ನನಗೆ ಬಾಯಿಪಾಠ.

ವೇದಿಕೆಯ ಹಿಂದಕ್ಕೆ ಧಾವಿಸಿದೆ. ರಮಿತಾ ಕಿರೀಟ ಕಳಚದೆ, ವಿಷದ ಬಟ್ಟಲು ಮಡಿಲಲ್ಲಿಟ್ಟುಕೊಂಡು ಟ್ರಂಕಿನ ಮೇಲೆ ಕೂತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಇದು ಅನ್ಯಾಯ! ಇವತ್ತು ಭಾಷಣವೇ ಇರಲಿಲ್ಲ. ಸಮಯ ಎಲ್ಲಿಗೆ ಹೋಯಿತು?" ಎಂದೆ.

ಹುಡುಗಿ ಬಹಳ ವಿನಯದಿಂದ ಹೇಳಿದಳು: "ನಿಮ್ಮದು ನಲವತ್ತೆರಡು ನಿಮಿಷ ಆಯ್ತು ಮೇಡಂ. ನಮ್ಮ ಐದನೇ ಅಂಕ ನಲವತ್ತು."

ಬಟ್ಟಲನ್ನು ಟ್ರಂಕಿನ ಮೇಲಿಟ್ಟು, "ಎರಡು ತಿಂಗಳಿಂದ ಅದನ್ನೇ ಪ್ರಾಕ್ಟೀಸ್ ಮಾಡಿದ್ದೆ," ಎಂದಳು.

"ಕ್ಷಮಿಸಮ್ಮ," ಎಂದೆ. ಆ ದಿನ ನಾನು ಚುಟುಕಾಗಿ ಮುಗಿಸಿದ್ದು ಅದೊಂದೇ.

ಡೊಂಬಿವ್ಲಿಯಲ್ಲಿ ಲೋಕಲ್ ರೈಲು ಹತ್ತಿದೆವು. ಯಜಮಾನರು ಮಧ್ಯಂತರದಲ್ಲಿ ಎರಡು ಬಟಾಟೆವಡೆ ತಿಂದು ಪ್ರಸನ್ನರಾಗಿದ್ದರು.

"ಅಲ್ವೇ, ಆ ರಾಣಿ ವಿಷ ಕುಡಿಯೋದಾದರೂ ಯಾಕೆ? ನಾಲ್ಕು ಸಲ ನಾಟಕ ನೋಡಿದ್ವಿ, ಒಬ್ಬರಾದರೂ ಕಾರಣ ಹೇಳಲಿಲ್ಲ."

"ಅದಕ್ಕೆ ಸ್ವಲ್ಪ ಹಿನ್ನೆಲೆ ಬೇಕು."

"ಠಾಕುರ್ಲಿಗೆ ಮೂರೇ ನಿಮಿಷ ಇದೆ, ನೋಡ್ಕೋ."

"ಧಾರಾಳವಾಯಿತು," ಎಂದು ಶುರು ಮಾಡಿದೆ.

ಠಾಕುರ್ಲಿ ಬಂದದ್ದೂ ಹೋದದ್ದೂ ನನಗೆ ತಿಳಿಯಲಿಲ್ಲ. ಮುಂದಿನ ನಿಲ್ದಾಣ ಕಲ್ಯಾಣದಲ್ಲಿ ಜನ ನಮ್ಮಿಬ್ಬರನ್ನೂ ಪ್ಲಾಟ್‌ಫಾರ್ಮಿಗೆ ತಳ್ಳುವಾಗಲೂ ರಾಣಿ ಬಟ್ಟಲನ್ನು ಕೈಗೆತ್ತಿಕೊಂಡಿರಲಿಲ್ಲ.