ವ್ಯಾಪಾರದ ಆಟವೂ ನಮ್ಮನೆ ಕಾನೂನೂ

ಸಾಗರದ ನಮ್ಮನೆಯಲ್ಲಿ ನಿಜವಾದ ಆಸ್ತಿ ಪಾಲಾದಾಗ ಯಾರೂ ದನಿ ಏರಿಸಲಿಲ್ಲ. ಆದರೆ ರಜೆಯಲ್ಲಿ ಎಲ್ಲರೂ ಸೇರಿ, ಊರುಗಳನ್ನು ಕೊಂಡು, ಹೋಟೆಲು ಕಟ್ಟಿ ಬಾಡಿಗೆ ಎತ್ತುವ ‘ವ್ಯಾಪಾರ’ದ ಬೋರ್ಡು ಬಿಚ್ಚಿದರೆ ಸಾಕು, ಪಕ್ಕದ ಮನೆಯವರು ಕಿಟಕಿಗೆ ಬರುತ್ತಾರೆ. ನಿಯಮದ ಹಾಳೆ ಎಂದೋ ಕಳೆದಿದೆ. ಈಗ ಯಾರ ಗಂಟಲು ದೊಡ್ಡದೋ ಅವರದೇ ನಿಯಮ.

ಬ್ಯಾಂಕು ಮುಚ್ಚಿದೆ

ಕಾರ್ಗಲ್ಲಿನಿಂದ ಬರುವ ಭಾವ, ಅಂದರೆ ನನ್ನ ಗಂಡನ ಅಣ್ಣ, ಆಟದಲ್ಲಿ ಯಾವಾಗಲೂ ಬ್ಯಾಂಕಿನವರು. ಒಮ್ಮೆ, ನಾನು ಅಕ್ಕ ಎನ್ನುವ ಅವರ ಹೆಂಡತಿ ಮುಂಬಯಿ ಕೊಳ್ಳಲು ಹೊರಟರು. ಭಾವನಿಗೂ ಅದೇ ಊರಿನ ಮೇಲೆ ಕಣ್ಣು. ಕೂಡಲೇ ದುಡ್ಡಿನ ಡಬ್ಬಿಗೆ ಮುಚ್ಚಳ ಹಾಕಿ, “ಬ್ಯಾಂಕಿಗೆ ಊಟದ ಬಿಡುವು” ಎಂದರು.

“ಇದ್ಯಾವ ಕಾನೂನ್ರೀ?”

“ನಮ್ಮನೆ ಕಾನೂನು.”

ಅಕ್ಕ ಎದ್ದು ಹೋಗಿ ಅಡುಗೆಮನೆಗೆ ಚಿಲಕ ಹಾಕಿ ಬಂದರು. “ಬಿಡುವೇನೋ ಆಯ್ತು. ಊಟ ಎಲ್ಲಿ ಮಾಡ್ತೀರೋ ಮಾಡಿ, ನೋಡೋಣ!”

ಬ್ಯಾಂಕು ಕಮಕ್ ಕಿಮಕ್ ಎನ್ನದೆ ತೆರೆಯಿತು.

ಜೈಲೇ ವಾಸಿ

ತೀರ್ಥಹಳ್ಳಿಗೆ ಕೊಟ್ಟ ನಾದಿನಿ ಒಂದು ಸಲ ಆಟದಲ್ಲಿ ಜೈಲಿಗೆ ಬಿದ್ದಳು. ಬಿಡುಗಡೆಯಾದರೂ ಕಾಯಿ ಎತ್ತಲಿಲ್ಲ. “ಹೊರಗೆ ಬಂದ್ರೆ ನಿಮಗೆಲ್ಲ ಬಾಡಿಗೆ ಕೊಡ್ಬೇಕು. ನಾ ಬರಲ್ಲ.”

ನಮ್ಮನೆಯವರು ಕೆಂಡವಾದರು. “ಶಿಕ್ಷೆ ಮುಗಿದ್ಮೇಲೂ ಜೈಲಲ್ಲಿ ಯಾರಾದ್ರೂ ಕೂರ್ತಾರೇನೇ?”

“ಇಲ್ಲಿ ಯಾರೂ ‘ಯಾವಾಗ ಹೊರಡ್ತೀಯ’ ಅಂತ ಕೇಳಲ್ಲ ಅಣ್ಣ. ತವರಿಗಿಂತ ವಾಸಿ!”

ಆ ಸಲ ಅವಳು ಒಂದು ವಾರ ಹೆಚ್ಚೇ ಉಳಿದಳು. ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಮಾವನ ಸರದಿ

ಮಾವನ ಅಪ್ಪ ಹೊಸನಗರದ ಕಡೆ ಒಡೆಯರ ಗದ್ದೆಯನ್ನು ಗೇಣಿಗೆ ಮಾಡಿದವರು. ಎಷ್ಟು ಭತ್ತ ಅಳೆದರೂ ಸಾಲದೆಂದು ಅಪ್ಪ ಬೈಸಿಕೊಳ್ಳುವುದನ್ನು ಮಾವ ಚಿಕ್ಕಂದಿನಲ್ಲಿ ನಿಂತು ನೋಡಿದ್ದರು. ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದ ಮೇಲೆ, ಉಳುವವರು ನಾವೇ ಎಂದು ಡಿಕ್ಲರೇಷನ್ ಅರ್ಜಿ ಹಾಕಿ ಆ ಗದ್ದೆಯನ್ನು ತಮ್ಮದು ಮಾಡಿಕೊಂಡರು.

ಆಟದಲ್ಲಿ ಅವರ ಕಾಯಿ ನನ್ನ ಜಾಗಕ್ಕೆ ಬಂತು. “ಮಾವ, ಗೇಣಿ ಕೊಡಿ” ಎಂದು ಕೈ ಚಾಚಿದೆ.

ಮಾವನ ಮುಖ ಕೆಂಪಾಯಿತು. “ಗೇಣಿಯಾ? ಆ ಮಾತು ಈ ಮನೇಲಿ ಎತ್ಬೇಡ! ಆಗಿಂದ ಇಲ್ಲಿ ಬಂದು ಕೂರ್ತಾ ಇರೋನು ನಾನು. ಜಾಗ ಇನ್ನು ನಂದೇ. ಡಿಕ್ಲರೇಷನ್ ಹಾಕ್ತೀನಿ!”

ಅವರು ಕೈ ಬಡಿದ ರಭಸಕ್ಕೆ ಕಾಯಿಗಳೆಲ್ಲ ಹಾರಿದವು. ನನಗೂ ರೇಗಿತ್ತು.

“ಹಾಗಾದ್ರೆ ಬೆಳಗಿಂದ ನೀವು ನನ್ನ ಹತ್ರ ವಸೂಲಿ ಮಾಡಿದ್ದೇನು ಮಾವ?”

“ಅದು ಬೇರೆ ಕಣಮ್ಮ,” ಅಂದರು ಮಾವ, ಸಿಟ್ಟು ಒಂದಿಷ್ಟೂ ಇಳಿಯದೆ. “ನೀನು ನನ್ನ ಹೋಟ್ಲಲ್ಲಿ ಉಂಡು ಮಲಗಿ ಹೋದೆ. ನಾನು ನಿನ್ನ ಜಾಗದಲ್ಲಿ ಉಳುಮೆ ಮಾಡಿದೀನಿ!”