ಐದು ಪೆಟ್ಟಿಗೆ, ಹದಿನೈದು ಕುರ್ಚಿ

ಕೈರೋದ ಶುಬ್ರಾ ಬಡಾವಣೆಯಲ್ಲಿ ಸ್ಪೀಕರ್ ಕೊಳ್ಳಲು ನನ್ನಷ್ಟು ಅರ್ಹತೆಯುಳ್ಳವರು ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ದಾಖಲೆ! ಮೂವತ್ನಾಲ್ಕು ವರ್ಷ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಕಲಿಸಿದ ಡಾಕ್ಟರ್ ಇನ್ಶಿರಾಹ್ ನಾನು. ಧ್ವನಿಯ ಪ್ರತಿಫಲನದ ಮೇಲೆ ನಾನು ಬರೆದ ಪ್ರಬಂಧವನ್ನು ನನ್ನ ಗಂಡ ಫಿಕ್ರಿಯೊಬ್ಬನನ್ನು ಬಿಟ್ಟು ಓದಬೇಕಾದವರೆಲ್ಲ ಓದಿದ್ದಾರೆ. ಫಿಕ್ರಿ ರೈಲ್ವೆಯ ವೇಳಾಪಟ್ಟಿ ವಿಭಾಗದಲ್ಲಿದ್ದವನು. ಹೊರಡುವ ಹೊತ್ತು ನಮೂದಿಸಿರದ ಯಾವುದನ್ನೂ ಅವನು ಓದುವುದಿಲ್ಲ.

ಸ್ಪೀಕರ್ ಬೇಕಾದದ್ದು ಅವನ ಶ್ವಾಸಕೋಶಕ್ಕೆ. ಹುಕ್ಕಾ ಬಿಟ್ಟು ಎರಡು ವರ್ಷವಾಗಿತ್ತು, ಸರಿ. ಆದರೆ ಫುಟ್‌ಬಾಲ್ ಪಂದ್ಯವಿದ್ದ ದಿನವೆಲ್ಲ ಎದುರುಗಡೆಯ ಕಾಫಿ ಅಂಗಡಿಗೆ ಹೋಗಿ ಮೂವತ್ತು ಜನರ ಹುಕ್ಕಾ ಹೊಗೆಯನ್ನು ಬಿಟ್ಟಿಯಾಗಿ ಸೇದಿ ಬರುತ್ತಿದ್ದ. "ಇನ್ನೊಂದು ಚಳಿಗಾಲ ಆ ಹೊಗೆಯಲ್ಲಿ ಕೂತರೆ, ಅದರ ಮುಂದಿನ ಚಳಿಗಾಲದ ಮಾತು ನನ್ನನ್ನು ಕೇಳಬೇಡಿ" ಎಂದು ವೈದ್ಯರು ಎಕ್ಸ್‌-ರೇ ತೋರಿಸಿ ಹೇಳಿಬಿಟ್ಟರು.

"ಮನೇಲೇ ನೋಡಬಹುದಲ್ಲ?" ಎಂದೆ.

"ಮನೇಲಿ ನೋಡೋದು ಗಾಜಿನ ತೊಟ್ಟೀಲಿ ಮೀನು ನೋಡಿದ ಹಾಗೆ, ಇನ್ಶಿರಾಹ್. ಅಲ್ಲಿ ಸದ್ದು ನಾಲ್ಕೂ ಕಡೆಯಿಂದ ಬರುತ್ತೆ. ಹಿಂದೆ ಬೈತಾರೆ, ಮುಂದೆ ಕೂಗ್ತಾರೆ, ಪಕ್ಕದಲ್ಲಿ ಅಳ್ತಾರೆ!"

"ನಾಲ್ಕು ಕಡೆ ತಾನೇ? ನಾನು ಐದು ಕಡೆಯಿಂದ ತರಿಸ್ತೀನಿ. ತರಿಸಿದ್ರೆ ಆ ಅಂಗಡಿ ಬಿಡ್ತೀಯಾ?"

"ಬಿಡ್ತೀನಿ. ನಿನ್ನಾಣೆ."

"ನನ್ನಾಣೆ ಬೇಡ. ಆ ಎಕ್ಸ್‌-ರೇ ಮೇಲೆ ಆಣೆ ಮಾಡು."

ಮಾಡಿದ. ಮರುದಿನವೇ ನಾನು ದಿಗ್ವಿಜಯಕ್ಕೆ ಹೊರಟೆ.

ನಮ್ಮಲ್ಲಿ ಪಂದ್ಯ ಬರುವುದು ಹಳೆಯ ಕಂಪ್ಯೂಟರಿನಲ್ಲಿ. ಅದಕ್ಕೆ ಟೀವಿ ಜೋಡಿಸಿದೆ. ಕಂಪ್ಯೂಟರಿನ ಹುಟ್ಟು ಕಂಠ ಎಡ, ಬಲ ಎಂದು ಎರಡೇ ದಾರಿ ಬಲ್ಲದು. ಐದು ಪೆಟ್ಟಿಗೆ, ಒಂದು ದಪ್ಪ ದನಿಯ ಡಬ್ಬ ಎಲ್ಲವೂ ಹಾಡಬೇಕಾದರೆ ಬೇರೆ ಸೌಂಡ್ ಕಾರ್ಡ್ ಬೇಕು. ಕಾರ್ಡ್ ಕೂರುವ ಸಂದನ್ನು ಅಳತೆಪಟ್ಟಿಯಿಂದ ಅಳೆದು ಬರೆದುಕೊಂಡೇ ಹೋಗಿದ್ದೆ.

ಸ್ಪೀಕರ್ ಅಂಗಡಿಯವನು ಅಟ್ಟದಷ್ಟು ಎತ್ತರದ ಸ್ಪೀಕರಿನ ಬೆನ್ನು ಸವರಿದ. "ಹಜ್ಜಾ, ಇದು ಎರಡು ಸಾವಿರ ವಾಟ್! ಗೋಡೆ ಬಿರುಕು ಬಿಡುತ್ತೆ!"

"ಕಂಡ ಮುದುಕಿಯರನ್ನೆಲ್ಲ ಕರೆದ ಹಾಗೆ ಹಜ್ಜಾ ಅನ್ನಬೇಡ, ಡಾಕ್ಟರ್ ಅನ್ನು. ಇದರ ಟ್ರಾನ್ಸ್‌ಫಾರ್ಮರ್ ನಿಂಬೆಹಣ್ಣಿನಷ್ಟಿದೆ. ಇದರಿಂದ ಎರಡು ಸಾವಿರ ವಾಟ್ ಬರೋದಾದ್ರೆ ಇಲ್ಲಿ ಯಾಕಪ್ಪ ಕೂತಿದ್ದೀಯ? ಸರ್ಕಾರಕ್ಕೆ ಕರೆಂಟ್ ಮಾರು."

"ಹಾಗಾದ್ರೆ ಇದು ನೋಡಿ ಡಾಕ್ಟರ್, ನೀಲಿ ದೀಪ ಇದೆ."

"ದೀಪ ಕಿವಿಗೆ ಕೇಳಿಸುತ್ತಾ?"

ನಾನು ಒಂದೊಂದು ಪೆಟ್ಟಿಗೆಯನ್ನೂ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿದೆ. ಪ್ಲಾಸ್ಟಿಕ್ಕಿನವು ಖಾಲಿ ಡಬ್ಬಿಯಂತೆ ಗಣಗಣ ಎಂದವು. ಮರದ ಪುಡಿಯ ಹಲಗೆಯ ಒಂದು ಸೆಟ್ ಮಾತ್ರ ಮರ್ಯಾದಸ್ಥರಂತೆ ತಗ್ಗಿ ಮಾತಾಡಿತು. ದೀಪವಿಲ್ಲ, ಚಿನ್ನದ ಲೇಪವಿಲ್ಲ, ಬೆಲೆಯೂ ಎಲ್ಲಕ್ಕಿಂತ ಕಡಿಮೆ. ಕಾರ್ಡೂ ಅಷ್ಟೇ: ಡಬ್ಬಿಯ ಮೇಲೆ ಬೆಂಕಿ ಉಗುಳುವ ಪ್ರಾಣಿಯ ಚಿತ್ರವಿದ್ದದ್ದನ್ನು ಬಿಟ್ಟು, ಆರು ದಾರಿಗೆ ಮೂರು ತೂತುಗಳಿದ್ದ ಸಾದಾ ಕಾರ್ಡನ್ನು ತೆಗೆದುಕೊಂಡೆ. ಕೊನೆಗೆ ಅಂಗಡಿಯವನು ತಗ್ಗಿದ ದನಿಯಲ್ಲಿ, "ಡಾಕ್ಟರ್, ಇನ್ನೂ ಸ್ವಲ್ಪ ಇಳಿಸ್ತೀನಿ. ದಯವಿಟ್ಟು ಬೇರೆ ಗಿರಾಕಿಗಳ ಮುಂದೆ ಮಾತಾಡಬೇಡಿ" ಎಂದ. ವಿಜ್ಞಾನಕ್ಕೆ ಇದಕ್ಕಿಂತ ದೊಡ್ಡ ಜಯ ಬೇಕೆ!

ಪಂದ್ಯ ಸಂಜೆ ಐದಕ್ಕೆ. "ಮೊದಲರ್ಧ ಅಲ್ಲೇ ನೋಡು. ಎರಡನೆಯದಕ್ಕೆ ಬಾ, ಮನೆ ಸಿದ್ಧವಾಗಿರುತ್ತೆ" ಎಂದು ಫಿಕ್ರಿಯನ್ನು ಕಳಿಸಿಬಿಟ್ಟೆ.

ದಿವಾನಖಾನೆಯ ಯಾವ ಮೂಲೆಯಲ್ಲಿ ಕೂತರೆ ಸದ್ದು ಎಷ್ಟು ಎಂಬುದನ್ನು ಪ್ರತಿ ಜಾಗದಲ್ಲೂ ಕೂತು ಅಂಕ ಹಾಕಬೇಕಿತ್ತು. ನಮ್ಮ ಚಿನ್ನದ ಬಣ್ಣದ ಸೋಫಾಗಳನ್ನು ನಾಲ್ಕು ಜನ ಎತ್ತಬೇಕು. ಆದ್ದರಿಂದ ಕಟ್ಟಡದ ಕಾವಲುಗಾರ ಸನದ್‌ಗೆ ಹೇಳಿ ಬಾಡಿಗೆ ಅಂಗಡಿಯಿಂದ ಹದಿನೈದು ಕುರ್ಚಿ ತರಿಸಿದೆ. ಅವನು ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ.

"ಡಾಕ್ಟರ್, ಏನಾದ್ರೂ..."

"ಪ್ರಶ್ನೆ ಬೇಡ ಸನದ್. ಗೋಡೆಯುದ್ದಕ್ಕೂ ಸಾಲಾಗಿ ಹಾಕು. ಬಾಗಿಲು ತೆಗೆದೇ ಇರಲಿ, ಸೆಕೆ."

ಅವನು ಎದೆಯ ಮೇಲೆ ಕೈಯಿಟ್ಟು ತಲೆ ತಗ್ಗಿಸಿ ಹಿಂದೆ ಸರಿದ. ಮೂವತ್ನಾಲ್ಕು ವರ್ಷ ವಿದ್ಯಾರ್ಥಿಗಳೂ ನನ್ನೆದುರು ಹೀಗೇ ನಿಂತವರು. ನನಗೆ ವಿಶೇಷವೇನೂ ಕಾಣಲಿಲ್ಲ.

ಸ್ಪೀಕರ್ ಪರೀಕ್ಷೆಗೆ ಮನುಷ್ಯನ ಒಂಟಿ ಕಂಠವೇ ಸರಿ. ವಾದ್ಯಗಳ ಗದ್ದಲದಲ್ಲಿ ಕೆಟ್ಟ ಪೆಟ್ಟಿಗೆ ತಪ್ಪಿಸಿಕೊಳ್ಳುತ್ತದೆ. ಮನೆಯಲ್ಲಿ ಅಂಥ ಧ್ವನಿಮುದ್ರಿಕೆ ಇದ್ದದ್ದು ಒಂದೇ, ಕುರಾನ್ ಪಠಣದ್ದು. ಹಚ್ಚಿದೆ. ಮುಂದಿನ ಮೂರು ಪೆಟ್ಟಿಗೆಗಳಿಂದ ಗಂಭೀರ ಕಂಠ ತುಂಬಿಕೊಂಡು ಬಂತು. ಹಿಂದಿನ ಎರಡು ಮೂಕ! ಸದ್ದನ್ನು ಪೂರ್ತಿ ಏರಿಸಿದೆ. ಆಗಲೂ ಮೂಕ. ತಂತಿ ನೋಡೋಣವೆಂದು ಮೇಜಿನ ಕೆಳಗೆ ತೂರಿದೆ.

ಕಾಲು ಗಂಟೆಯ ನಂತರ ತಲೆಗೆ ಧೂಳು, ಕೊರಳಿಗೆ ತಂತಿ ಸುತ್ತಿಕೊಂಡು ಹೊರಬಂದರೆ ನನ್ನ ಕುರ್ಚಿಗಳ ಮೇಲೆ ಏಳು ಜನ ಹೆಂಗಸರು ಕೂತಿದ್ದಾರೆ! ಸ್ಪೀಕರಿನ ಸುದ್ದಿ ಹಬ್ಬಿ ಕೇಳಲು ಬಂದಿದ್ದಾರೆಂದುಕೊಂಡೆ. ಸಂತೋಷವೇ ಆಯಿತು. ಅಂಕ ಹಾಕಲು ಏಳು ಜನ ಬಿಟ್ಟಿ ಸಹಾಯಕರು! ಪುಸ್ತಕ ತೆಗೆದು ಮೂರನೇ ಮಹಡಿಯ ತಹಾನಿಯನ್ನು ಕೇಳಿದೆ: "ಅಲ್ಲಿಗೆ ಹಿಂದಿನಿಂದ ಕೇಳಿಸ್ತಾ ಇದೆಯಾ?"

"ಇಡೀ ಬೀದಿಗೇ ಕೇಳಿಸ್ತಿದೆ ಡಾಕ್ಟರ್" ಎಂದು ಅವಳು ಮೂಗೊರೆಸಿಕೊಂಡಳು. "ಎಂಥಾ ಗಟ್ಟಿ ಮನಸ್ಸು ನಿಮ್ಮದು!"

"ಗಟ್ಟಿ ಅಲ್ಲ, ಪೂರ್ತಿ ಏರಿಸಿದ್ದೀನಿ. ಹತ್ತಕ್ಕೆ ಎಷ್ಟು ಕೊಡ್ತೀಯ?"

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಹಾನಿ ಎದ್ದು ಬಂದು ತನ್ನ ಮನೆಯಿಂದ ಮಾಡಿ ತಂದಿದ್ದ ಕಾಫಿಯನ್ನು ನನ್ನ ಕೈಗೆ ಕೊಟ್ಟಳು. ಒಂದು ಗುಟುಕು ಕುಡಿದೆ. ಸಕ್ಕರೆಯಿಲ್ಲ.

ಬಂದವರಿಗೆಲ್ಲ ಸಕ್ಕರೆಯಿಲ್ಲದ ಕಾಫಿ ಕೊಡುವುದು ನಮ್ಮಲ್ಲಿ ಒಂದೇ ಸಂದರ್ಭಕ್ಕೆ. ತೆರೆದ ಬಾಗಿಲು, ಗೋಡೆಯುದ್ದಕ್ಕೂ ಬಾಡಿಗೆ ಕುರ್ಚಿ, ಬೀದಿಗೆ ಕೇಳುವ ಪಠಣ! ಒಂದು ಸಾವಿನ ಮನೆಗೆ ಬೇಕಾದ ಸಕಲ ಏರ್ಪಾಡನ್ನೂ ನಾನೇ ನಿಂತು ಮಾಡಿಸಿದ್ದೆ. ಕಪ್ಪು ಬಟ್ಟೆ ಕಣ್ಣಿಗೆ ಬಿದ್ದದ್ದೂ ಆಗಲೇ.

"ಯಾರು ಹೋದರು?" ಎಂದೆ.

"ಅವರಿಗೆ ಉಳಿದಿದ್ದ ಆಯುಷ್ಯ ನಿಮಗೆ ಸೇರಲಿ" ಎಂದು ತಹಾನಿ ಗೊಳೋ ಎಂದಳು. "ಫಿಕ್ರಿ ಸಾಹೇಬರಂಥ ಮನುಷ್ಯ..."

"ಫಿಕ್ರಿ ಎದುರುಗಡೆ ಚಹಾ ಕುಡೀತಾ ಕೂತಿದ್ದಾನೆ! ನನ್ನನ್ನೊಂದು ಮಾತು ಕೇಳೋಕೆ ಏನಾಗಿತ್ತು?"

"ನಿಮ್ಮನ್ನ ಕೇಳೋದಾ?" ಎಂದಳು ತಹಾನಿ. ಏಳೂ ಜನ ತಲೆ ತಗ್ಗಿಸಿದರು.

ಅಷ್ಟರಲ್ಲಿ ನಾಲ್ಕನೇ ಮಹಡಿಯ ನಮ್ಮ ಮನೆಯಲ್ಲಿ ಸಾವಾಗಿದೆಯೆಂಬ ಸುದ್ದಿ ಕಾಫಿ ಅಂಗಡಿಗೂ ಮುಟ್ಟಿತ್ತು. ಮನೆಯಲ್ಲಿರುವುದು ಇಬ್ಬರೇ. ಅದರಲ್ಲಿ ಒಬ್ಬ ಅವರ ಕಣ್ಣೆದುರೇ ಕೂತಿದ್ದಾನೆ. ಲೆಕ್ಕ ಸುಲಭ!

ಮೆಟ್ಟಿಲ ಮೇಲೆ ದಡಬಡ. ಬಾಗಿಲಲ್ಲಿ ಫಿಕ್ರಿ. ಒಂದು ಕಾಲಲ್ಲಿ ಚಪ್ಪಲಿಯಿಲ್ಲ. ಹಿಂದೆ ಇಡೀ ಕಾಫಿ ಅಂಗಡಿ. ಅವನನ್ನು ಕಂಡು ತಹಾನಿ ಕಿರುಚಿದಳು. ನನ್ನನ್ನು ಕಂಡು ಅವನು ಗೋಡೆ ಹಿಡಿದುಕೊಂಡ.

"ನೀನು... ಸತ್ತಿಲ್ವಾ?"

"ಇಲ್ಲ. ಮೊದಲರ್ಧ ಮುಗೀತಾ?"

ನಾಲ್ಕು ಮಹಡಿ ಓಡಿ ಬಂದ ಅವನ ಎದೆ ಸಿಳ್ಳೆ ಹೊಡೆಯುತ್ತಿತ್ತು. ಇನ್‌ಹೇಲರ್ ತಂದು ಬಾಯಿಗಿಟ್ಟೆ. ಮುಚ್ಚಳ ತೆಗೆಯಲು ಮರೆತಿದ್ದೆ, ಅದನ್ನು ಬರೆದುಕೊಳ್ಳಬೇಡಿ. ಉಸಿರು ಮರಳಿದ ಕೂಡಲೇ, "ಇನ್ನು ಆ ಅಂಗಡಿಗೆ ಕಾಲಿಡಲ್ಲ, ಇನ್ಶಿರಾಹ್" ಎಂದ. ಒಂದು ಪೆಟ್ಟಿಗೆಯ ಸದ್ದನ್ನೂ ಕೇಳದೆ! ಉಪಕರಣ ಸಿದ್ಧವಾಗುವ ಮೊದಲೇ ಫಲಿತಾಂಶ ಬಂದುಬಿಟ್ಟರೆ ಅದೆಂಥ ಪ್ರಯೋಗ?

ಹೆಂಗಸರು ಮನೆಗೆ ಹೋದರು. ಕುರ್ಚಿ ಹೇಗೂ ಇದ್ದವು, ಗಂಡಸರು ಕೂತರು. ಹಿಂದಿನ ಪೆಟ್ಟಿಗೆಗಳ ತಂತಿಯನ್ನು ನಾನು ಕಂಪ್ಯೂಟರಿನ ಮೈಕಿನ ತೂತಿಗೆ ತುರುಕಿದ್ದೆ, ಸರಿಪಡಿಸಿದೆ. ಎರಡನೆಯರ್ಧ ಶುರುವಾದಾಗ ಐದೂ ಕಡೆಯಿಂದ ಕ್ರೀಡಾಂಗಣ ಭೋರ್ಗರೆಯಿತು. ಹೊಗೆಯಿಲ್ಲ. ನಾನು ಪುಸ್ತಕ ಹಿಡಿದು ಮೂಲೆಯಲ್ಲಿ ಕೂತೆ. ಎಲ್ಲರೂ ಮಂಡಿಯ ಮೇಲೆ ಕೈಯಿಟ್ಟು ಪರೀಕ್ಷೆಗೆ ಬಂದವರಂತೆ ಕೂತು ನೋಡಿ ಹೋದರು.

"ಹೇಗಿತ್ತು?" ಎಂದೆ.

"ಪೆಟ್ಟಿಗೆ ಚೆನ್ನಾಗಿದೆ." ಫಿಕ್ರಿ ತಲೆ ಕೆರೆದುಕೊಂಡ. "ಆದರೆ ಯಾರೂ ರೆಫರಿಗೆ ಬೈಲಿಲ್ಲ."

"ಯಾಕಂತೆ?"

"ನೀನಿದ್ದೀಯಲ್ಲ ಮಹಾರಾಯ್ತಿ! ಅಂಗಡೀಲಿ ಎಲ್ಲರಿಗಿಂತ ಜೋರಾಗಿ ಬೈಯೋ ದಸೂಖಿ ಬಾಯಿ ತೆಗೆದ. ನೀನು ಕನ್ನಡಕದ ಮೇಲಿಂದ ನೋಡಿದೆ. ಪಾಪ, ಬೈಗುಳ ನುಂಗಿ ಕೆಮ್ಮಿದ."

"ಅದಕ್ಕೆ ನಾನೇನು ಮಾಡಲಿ?"

"ಪಂದ್ಯದ ದಿನ ಎರಡು ಗಂಟೆ ಎಲ್ಲಾದ್ರೂ ಹೋಗಿ ಬಾ. ಇಲ್ಲದಿದ್ರೆ ಇವರೆಲ್ಲ ಅಂಗಡಿಗೇ ವಾಪಸ್ ಹೋಗ್ತಾರೆ. ಅವರ ಹಿಂದೆ ನಾನೂ ಹೋಗಬೇಕಾಗುತ್ತೆ."

ಅವನ ಎಕ್ಸ್‌-ರೇ ಈಗ ಸುಧಾರಿಸಿದೆ. ವೈದ್ಯರು ನನ್ನ ಬುದ್ಧಿಶಕ್ತಿಯನ್ನು ಹೊಗಳಿದರು.

ಪಂದ್ಯದ ಸಂಜೆಗಳಲ್ಲಿ ನಾನು ಎದುರಿನ ಕಾಫಿ ಅಂಗಡಿಯಲ್ಲಿರುತ್ತೇನೆ. ಗಿರಾಕಿಗಳೆಲ್ಲ ನಮ್ಮ ಮನೆಯಲ್ಲಿರುವುದರಿಂದ ಅಲ್ಲಿ ಹೊಗೆಯೂ ಇಲ್ಲ, ಗದ್ದಲವೂ ಇಲ್ಲ. ನಾನು, ಪುದೀನ ಚಹಾ, ಮೂಲೆಯಲ್ಲೊಂದು ಹಳೆಯ ಟೀವಿ. ಈ ಅಂಗಡಿಯವನೂ ನನ್ನನ್ನು ಹಜ್ಜಾ ಎನ್ನುತ್ತಾನೆ. ತಿದ್ದುವುದನ್ನು ಬಿಟ್ಟಿದ್ದೇನೆ. ಮನೆಯ ಕಂಪ್ಯೂಟರಿಗೆ ಪಂದ್ಯ ಬರುವುದು ಇಂಟರ್ನೆಟ್ಟಿನಲ್ಲಿ, ಅರ್ಧ ನಿಮಿಷ ತಡವಾಗಿ. ಆದ್ದರಿಂದ ಗೋಲು ಬಿದ್ದದ್ದನ್ನು ಮೊದಲು ನೋಡುವವಳು ನಾನೇ. ನೋಡಿ, ಚಹಾ ಹೀರಿ, ನಾಲ್ಕನೇ ಮಹಡಿಯ ಕಿಟಕಿಯತ್ತ ತಲೆಯೆತ್ತಿ ಕಾಯುತ್ತೇನೆ. ಮೂವತ್ತು ಎಣಿಸುವಷ್ಟರಲ್ಲಿ ನನ್ನ ಮನೆ ಬೊಬ್ಬಿಡುತ್ತದೆ.

ಪೆಟ್ಟಿಗೆಗಳ ಸದ್ದು ಯಾವುದು, ಫಿಕ್ರಿಯ ಸದ್ದು ಯಾವುದು ಎಂದು ಇಲ್ಲಿಂದ ಹೇಳಲಾಗುವುದಿಲ್ಲ. ಡಾಕ್ಟರೇಟ್ ಇದ್ದರೂ!